ಟೇಪಿನ ಯಾವ ಮುಖ ಓದಿದಿರಿ?

ದನ ಮೇಯುವ ಜಮೀನಿನ ಮರಗಳಲ್ಲಿ ಎಷ್ಟು ಇಂಗಾಲವಿದೆ ಎಂಬ ಲೆಕ್ಕದಲ್ಲಿ, ಹಳ್ಳದ ಅಂಚಿನ ಪ್ಲಾಟ್‌ಗಳು (ಮರ ಅಳೆಯಲು ಗುರುತು ಹಾಕಿದ ತುಂಡು ಜಾಗಗಳು) ಬಯಲಿನವಕ್ಕಿಂತ ವಿಪರೀತ ಹೆಚ್ಚು ಇಂಗಾಲ ತೋರಿಸಿದಾಗ ನನಗೆ ಅನುಮಾನವೇ ಬರಲಿಲ್ಲ. ನೀರಿನ ಪಸೆ ಇರುವ ಕಡೆ ಮರ ದಪ್ಪವಿರುವುದು ಸಹಜ ಅಂದುಕೊಂಡೆ. ವರದಿ ಕಳಿಸುವ ಹಿಂದಿನ ಸಂಜೆ ಒಂದು ಸಾಲು ಕಣ್ಣಿಗೆ ಬಿತ್ತು: ಎತ್ತರ 9 ಮೀಟರ್, ವ್ಯಾಸ 94.2 ಸೆಂ.ಮೀ. ಅಷ್ಟು ಗಿಡ್ಡ ಮರಕ್ಕೆ ಅಷ್ಟು ದಪ್ಪ ಕಾಂಡ? 94.2ನ್ನು 3.14ರಿಂದ ಭಾಗಿಸಿದೆ. ಸರಿಯಾಗಿ 30 ಬಂತು.

ಕಾಂಡಕ್ಕೆ ಸುತ್ತಿ ಅಳೆಯುವ ಡಯಾಮೀಟರ್ ಟೇಪಿನ ಒಂದು ಮುಖದಲ್ಲಿ ನೇರವಾಗಿ ವ್ಯಾಸ, ಇನ್ನೊಂದರಲ್ಲಿ ಮಾಮೂಲಿ ಸೆಂಟಿಮೀಟರ್. ಹಳ್ಳದ ಕಡೆ ಹೋದ ತಂಡ ಸುತ್ತಳತೆ ಓದಿ ವ್ಯಾಸದ ಕಾಲಂನಲ್ಲಿ ಬರೆದಿತ್ತು. ವ್ಯಾಸದಲ್ಲಿ ಮೂರು ಪಟ್ಟು ತಪ್ಪಿದರೆ ತೂಕದಲ್ಲಿ ಮೂರೇ ಪಟ್ಟು ತಪ್ಪುವುದಿಲ್ಲ, ಏಕೆಂದರೆ ಮರದ ತೂಕ ಅಂದಾಜಿಸುವ ಸಮೀಕರಣದಲ್ಲಿ ವ್ಯಾಸದ ವರ್ಗವಿದೆ. ಉಷ್ಣವಲಯದ ಮರಗಳಿಗೆಂದು 2014ರಲ್ಲಿ ಬಂದ ಸಮೀಕರಣವನ್ನೇ ನೋಡಿ: ಕಟ್ಟಿಗೆಯ ಸಾಂದ್ರತೆ (ಗ್ರಾಂ/ಘನ ಸೆಂ.ಮೀ.), ವ್ಯಾಸದ (ಸೆಂ.ಮೀ.) ವರ್ಗ, ಎತ್ತರ (ಮೀಟರ್) ಮೂರನ್ನೂ ಗುಣಿಸಿ, 0.976 ಘಾತಕ್ಕೇರಿಸಿ, 0.0673ರಿಂದ ಗುಣಿಸಬೇಕು. ಸಾಂದ್ರತೆ 0.6 ಹಿಡಿದರೆ ಈ ಮರದ ನೆಲದ ಮೇಲಿನ ಒಣತೂಕ ಸುಮಾರು 267 ಕೆ.ಜಿ. ನಮ್ಮ ಶೀಟ್ 2,490 ತೋರಿಸುತ್ತಿತ್ತು. ಒಣತೂಕವನ್ನು ಅದರಲ್ಲಿನ ಇಂಗಾಲದ ಪಾಲಾದ 0.47ರಿಂದ ಗುಣಿಸಿದರೆ ಇಂಗಾಲ, ಅದನ್ನು 44/12ರಿಂದ ಗುಣಿಸಿ ಕಾರ್ಬನ್ ಡೈಆಕ್ಸೈಡ್: 460 ಕೆ.ಜಿ. ಇರಬೇಕಾದಲ್ಲಿ 4,290. ಬೇರಿನ ಪಾಲನ್ನೂ ನೆಲದ ಮೇಲಿನ ತೂಕದ ಅನುಪಾತದಲ್ಲೇ ಸೇರಿಸುವುದರಿಂದ ತಪ್ಪು ಅಲ್ಲಿಗೂ ಹರಿದಿತ್ತು.

ಎಲ್ಲ ಸಾಲನ್ನೂ 3.14ರಿಂದ ಭಾಗಿಸಿಬಿಡೋಣ ಅನ್ನಿಸಿತು. ಆದರೆ ಮಧ್ಯಾಹ್ನದ ಬಳಿಕ ಟೇಪ್ ಹಿಡಿದವರು ಬದಲಾಗಿದ್ದರು, ಯಾವ ಸಾಲು ಯಾವ ಮುಖದ್ದೆಂದು ಫಾರಂನಲ್ಲಿ ಗುರುತಿಲ್ಲ. ಅದಕ್ಕೊಂದು ಕಾಲಂ ಬೇಕೆಂದು ಮೊದಲೇ ಕೇಳಿದ್ದೆವು, ಮೇಲಿನವರು ಮುಂದಿನ ಸಲ ನೋಡೋಣ ಅಂದಿದ್ದರು. ವರದಿ ತಡೆಹಿಡಿದು ಮತ್ತೆ ಅಳೆಯಬೇಕಾಯಿತು. ದನ ಮೈಯುಜ್ಜುವ ಕಾಂಡಗಳಿಂದ ನಂಬರಿನ ತಗಡು ಉದುರಿಹೋಗಿತ್ತು. ಪ್ಲಾಟಿನ ನಡುಗೂಟದಿಂದ ಪ್ರತಿ ಮರದ ದೂರ, ದಿಕ್ಕು ಬರೆದಿಟ್ಟಿದ್ದರಿಂದ ಬಚಾವಾದೆವು. ಆ ಗೂಟ ಕಬ್ಬಿಣದ್ದಾಗಿರಬೇಕು, ನೆಲಮಟ್ಟಕ್ಕೆ ಹೊಡೆದಿರಬೇಕು. ಮರದ ಗೂಟವನ್ನು ದನ ಕೆಡವುತ್ತವೆ.

ಮರು ಅಳತೆಯಲ್ಲಿ ಇನ್ನೊಂದು ತಪ್ಪೂ ಸಿಕ್ಕಿತು. ದನ ಕುಡಿ ಕಚ್ಚಿದ ಗಿಡಗಳು ಬುಡದಿಂದಲೇ ಕವಲೊಡೆಯುತ್ತವೆ. ವ್ಯಾಸ ಅಳೆಯುವ 1.3 ಮೀಟರ್ ಎತ್ತರದಲ್ಲಿ 10, 12, 15 ಸೆಂ.ಮೀ.ನ ಮೂರು ಕಾಂಡಗಳಿದ್ದರೆ ಕೂಡಿಸಿ 37 ಬರೆಯಬಾರದು. ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 21.7. ಇಳಿಜಾರಿನಲ್ಲಿ ಆ 1.3 ಮೀಟರನ್ನು ಮೇಲ್ಬದಿಯ ನೆಲದಿಂದ ಅಳೆಯಬೇಕು. ಹುಲ್ಲಿನ ತೂಕ ಮಳೆಗೂ ಮೇವಿಗೂ ಏರಿಳಿಯುತ್ತಲೇ ಇರುತ್ತದೆ, ಅದರ ಏರಿಕೆಯನ್ನು ಇಂಗಾಲದ ಶೇಖರಣೆಯೆಂದು ತೋರಿಸಬೇಡಿ.

ಈಗ ಡಯಾಮೀಟರ್ ಟೇಪ್ ಬಿಟ್ಟು ಮಾಮೂಲಿ ಟೇಪಿನಲ್ಲಿ ಸುತ್ತಳತೆ ಮಾತ್ರ ಬರೆಯುತ್ತೇವೆ, ಭಾಗಾಕಾರ ಶೀಟ್ ಮಾಡುತ್ತದೆ. ಪ್ಲಾಟ್ ಬಿಡುವ ಮುಂಚೆ ಅಲ್ಲಿನ ಅತಿ ದಪ್ಪದ ಮೂರು ಮರಗಳನ್ನು ಇನ್ನೊಬ್ಬರು, ಮೊದಲ ಅಂಕಿ ನೋಡದೆ, ಮತ್ತೊಮ್ಮೆ ಅಳೆಯುತ್ತಾರೆ.