ನಿಧನ ಸುದ್ದಿಯಲ್ಲಿ ಬಿಟ್ಟುಹೋದ ಮಗಳು

ಹುಬ್ಬಳ್ಳಿಯ ಪತ್ರಿಕಾ ಕಚೇರಿಯೊಂದರಲ್ಲಿ ಡೆಸ್ಕ್ ಕೆಲಸಕ್ಕೆ ಸೇರಿದಾಗ ನನ್ನ ಕೈಗೆ ಮೊದಲು ಬಂದದ್ದು ನಿಧನ ಸುದ್ದಿ. ಹೊಸಬರಿಗೆ ಅದನ್ನೇ ಕೊಡುತ್ತಾರೆ. ನಾಲ್ಕು ಸಾಲು, ಒಂದು ಪಾಸ್‌ಪೋರ್ಟ್ ಸೈಜ್ ಫೋಟೊ. ಹೆಸರು, ವಯಸ್ಸು, ಮನೆಯವರು, ಅಂತ್ಯಕ್ರಿಯೆ ಎಲ್ಲಿ, ಎಷ್ಟು ಗಂಟೆಗೆ. ಇದರಲ್ಲಿ ತಪ್ಪುವುದಕ್ಕೆ ಏನಿದೆ ಅಂದುಕೊಂಡಿದ್ದೆ.

ಒಂದು ರಾತ್ರಿ ಧಾರವಾಡದಿಂದ ಫೋನ್ ಬಂತು. ನಿವೃತ್ತ ಮಾಸ್ತರರೊಬ್ಬರು ತೀರಿಕೊಂಡಿದ್ದರು. ಹೇಳಿದವರು ಪಕ್ಕದ ಮನೆಯವರು. ‘ಇಬ್ಬರು ಗಂಡುಮಕ್ಕಳ್ರಿ, ಇಬ್ಬರೂ ಬೆಂಗಳೂರಾಗ ಅದಾರ’ ಅಂದರು. ಪುಟ ಮುಗಿಸುವ ಹೊತ್ತು. ‘ಮೃತರಿಗೆ ಇಬ್ಬರು ಪುತ್ರರು ಇದ್ದಾರೆ’ ಎಂದು ಬರೆದು ಬಿಟ್ಟೆ.

ಮರುದಿನ ಹೆಣ್ಣುಮಗಳೊಬ್ಬರ ಫೋನ್. ಅಳಲಿಲ್ಲ, ಬೈಯಲೂ ಇಲ್ಲ. ‘ಅಪ್ಪಾರನ್ನ ಹನ್ನೊಂದು ವರ್ಷ ನಾನ ನೋಡಿಕೊಂಡೇನ್ರಿ. ನಿಮ್ಮ ಪೇಪರ್‌ನ್ಯಾಗ ನಾನ ಇಲ್ಲ’ ಅಂದರು.

ಎರಡು ಸಾಲಿನ ತಿದ್ದುಪಡಿ ಹಾಕಿದೆವು. ಅದನ್ನು ಯಾರು ಓದುತ್ತಾರೆ? ಮನೆಯವರು ಕತ್ತರಿಸಿ ಇಟ್ಟುಕೊಳ್ಳುವುದು ಮೊದಲ ದಿನದ್ದನ್ನೇ ಅಲ್ವಾ. ಅವತ್ತಿನಿಂದ ಯಾರೇ ಸುದ್ದಿ ಹೇಳಲಿ, ಮನೆಯವರ ನಂಬರ್ ಇಸಕೊಂಡು ಒಮ್ಮೆ ಮಾತಾಡದೆ ಪುಟಕ್ಕೆ ಕೊಡುವುದಿಲ್ಲ. ದುಃಖದ ಮನೆಗೆ ಫೋನ್ ಮಾಡಲು ಸಂಕೋಚ ಆಗುತ್ತದೆ, ನಿಜ. ಆದರೆ ಹೆಚ್ಚಿನವರು ಸಿಟ್ಟಾಗುವುದಿಲ್ಲ, ಜಾಸ್ತಿಯೇ ಮಾತಾಡುತ್ತಾರೆ.

ವಯಸ್ಸಿನದು ಇನ್ನೊಂದು ಕಥೆ. ಹಳೆಯ ತಲೆಮಾರಿನವರಲ್ಲಿ ಜೂನ್ 1ಕ್ಕೆ ಹುಟ್ಟಿದವರು ವಿಪರೀತ! ಶಾಲೆಗೆ ಸೇರಿಸುವಾಗ ಮಾಸ್ತರರು ಹಾಕಿದ ತಾರೀಖು ಅದು. ಮೇಲಿಂದ, ಮನೆಯವರು ಹೇಳುವುದು ತುಂಬಿದ ವರ್ಷವೋ ನಡೆಯುವ ವರ್ಷವೋ ಅಂತ ಕೇಳಲೇಬೇಕು. ಗಂಗೂಬಾಯಿ ಹಾನಗಲ್ ಹುಟ್ಟಿದ್ದು 1913ರ ಮಾರ್ಚ್ 5ರಂದು, ತೀರಿಕೊಂಡದ್ದು 2009ರ ಜುಲೈ 21ರಂದು. ತುಂಬಿದ್ದು 96, ನಡೆಯುತ್ತಿದ್ದದ್ದು 97. ಎರಡೂ ಅಂಕಿ ಓಡಾಡುತ್ತವೆ. ನಾವು ತುಂಬಿದ್ದನ್ನೇ ಬರೆಯುತ್ತೇವೆ.

ದೊಡ್ಡವರ ಸುದ್ದಿ ಸುಲಭ ಅನಿಸಬಹುದು, ಕಾಪಿ, ಅಂದರೆ ಸುದ್ದಿಯ ಬರಹ, ಮೊದಲೇ ತಯಾರಿರುತ್ತದೆ. ಅಲ್ಲಿ ಜಗಳ ಬೇರೆ: ಇವರು ಯಾವ ಊರಿನವರು? ಗಂಗೂಬಾಯಿಯವರ ಹೆಸರಲ್ಲಿ ಹಾನಗಲ್, ಹುಟ್ಟಿದ್ದು ಧಾರವಾಡ, ಬಾಳಿದ್ದು ಹುಬ್ಬಳ್ಳಿ. ಪುಟ್ಟರಾಜ ಗವಾಯಿಗಳು ಹುಟ್ಟಿದ್ದು ಹಾವೇರಿ ಜಿಲ್ಲೆಯಲ್ಲಿ, ಬದುಕೆಲ್ಲ ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ. ಧಾರವಾಡ ಅಂದರೆ ಬೇಂದ್ರೆ, ಆದರೆ 1981ರಲ್ಲಿ ಅವರು ಕೊನೆಯುಸಿರೆಳೆದದ್ದು ಮುಂಬೈಯಲ್ಲಿ. ಭೀಮಸೇನ ಜೋಶಿಯವರನ್ನು ಸುಮ್ನೆ ‘ಪುಣೆಯ ಗಾಯಕ’ ಅಂತ ಬರೆದು ನೋಡಿ, ಬೆಳಿಗ್ಗೆ ಗದಗದಿಂದ ಬರುವ ಫೋನ್ ಎತ್ತಿ ಸಾಕಾಗುತ್ತದೆ.

ತಯಾರಿ ಕಾಪಿಗೂ ಒಂದು ಚಟ ಇದೆ. ‘ಸಕಲ ಸರ್ಕಾರಿ ಗೌರವಗಳೊಂದಿಗೆ’ ಎಂಬ ಸಾಲು ಅದರಲ್ಲಿ ತಾನಾಗಿಯೇ ಬಂದು ಕೂತಿರುತ್ತದೆ. ಧಾರವಾಡದ ಕಾಲೇಜಿನಲ್ಲಿ ಓದಿದ್ದ ಗಿರೀಶ ಕಾರ್ನಾಡರು 2019ರಲ್ಲಿ ತೀರಿಕೊಂಡಾಗ ಅದೇನೂ ಇರಲಿಲ್ಲ, ಅವರೇ ಬೇಡ ಅಂದಿದ್ದರು. ಹಾಗೆಯೇ ಹೂಳುವ ಪದ್ಧತಿಯ ಮನೆಯ ಸುದ್ದಿಗೆ ‘ಚಿತೆಗೆ ಅಗ್ನಿಸ್ಪರ್ಶ’ ಅಂತ ಬರೆದರೆ ಮುಗಿಯಿತು. ‘ಅಂತ್ಯಕ್ರಿಯೆ’ ಎಂಬ ಪದ ಎಲ್ಲರಿಗೂ ನಡೆಯುತ್ತದೆ.

ಆದರೂ ನನಗೆ ಈಗಲೂ ಭಯ ಆ ನಾಲ್ಕು ಸಾಲಿನದ್ದೇ. ದೊಡ್ಡವರ ಸುದ್ದಿಯನ್ನು ಹತ್ತು ಜನ ತಿದ್ದುತ್ತಾರೆ, ಮಾಸ್ತರರದ್ದನ್ನು ನೋಡುವವನು ನಾನೊಬ್ಬನೇ. ಅದಕ್ಕೇ ಫೋನ್‌ನಲ್ಲಿ ಮೊದಲು ಕೇಳುವುದು, ‘ಹೆಣ್ಣುಮಕ್ಕಳು ಎಷ್ಟು ಮಂದಿ ಅದಾರ್ರಿ?’ ಮೊನ್ನೆ ಒಬ್ಬರು, ‘ಮದಿವಿ ಆಗಿ ಹೋಗ್ಯಾರ್ರಿ, ಅವರನ್ನೂ ಬರೀಬೇಕೇನ್ರಿ?’ ಅಂದರು.

‘ಹೌದ್ರಿ, ಬರೀಬೇಕು’ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾಲ್ಕ್ ಮಂದಿ’ ಅಂದರು.