ಸುಲ್ತಾನನಿಗೂ ಒಂದು ಪಾಲು

ಮನೆ ಮಾರುವುದಿದೆ ಎಂದ ಕೂಡಲೇ ದಲಾಲ ಕೇಳಿದ್ದು ಎಷ್ಟು ಖೋಲಿ, ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದಲ್ಲ. “ಮಾಸ್ತರರೇ, ಬಾರಾ ಕಮಾನಿನಿಂದ ನಿಮ್ಮ ಮನೆ ಎಷ್ಟು ಮೀಟರ್?” ಹುಟ್ಟಿದಾಗಿನಿಂದ ಸುಲ್ತಾನನ ಅರ್ಧಕ್ಕೇ ನಿಂತ ಗೋರಿಯ ಆ ಕಮಾನುಗಳನ್ನು ನೋಡುತ್ತ ಹಲ್ಲುಜ್ಜಿದವನಿಗೆ ಮೀಟರಿನ ಲೆಕ್ಕ ಎಲ್ಲಿಂದ ಬರಬೇಕು?

ವಿಜಯಪುರದ ಹಳೆಯ ಊರಿನಲ್ಲಿ ಮನೆಯ ದರ ಹೇಳುವುದು ಈ ಲೆಕ್ಕವೇ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲನೆಯದರಲ್ಲಿ ಹೊಸ ಕಟ್ಟಡದ ಮಾತೇ ಇಲ್ಲ. 1992ರ ಜೂನ್ 16ಕ್ಕಿಂತ ಮೊದಲಿನ ಮನೆಯಾಗಿದ್ದರೆ ಅನುಮತಿ ಪಡೆದು ದುರಸ್ತಿ ಮಾಡಿಕೊಳ್ಳಬಹುದು, ಅಷ್ಟೇ. ಎರಡನೆಯದರಲ್ಲಿ ಅನುಮತಿ ಸಿಕ್ಕರೆ ಕೆಡವಿ ಕಟ್ಟಬಹುದು. ಬಂದವರಿಗೆಲ್ಲ ಬೇಕಾಗಿದ್ದದ್ದು ನಮ್ಮ ಮಣ್ಣಿನ ಮಾಳಿಗೆಯಲ್ಲ, ಅದರ ಕೆಳಗಿನ ಜಾಗ. ಕೆಳಗೆ ಅಂಗಡಿ, ಮೇಲೆ ಬಾಡಿಗೆ ಮನೆ ಎಂದು ಅವರು ಹೊಸ್ತಿಲು ದಾಟುವ ಮೊದಲೇ ಮನಸ್ಸಿನಲ್ಲಿ ಕಟ್ಟಿಕೊಂಡು ಬರುತ್ತಿದ್ದರು.

ದಲಾಲ ಒಂದು ಬೆಳಿಗ್ಗೆ ಹುಡುಗನೊಬ್ಬನ ಕೈಗೆ ಟೇಪು ಕೊಟ್ಟು ಕರೆತಂದ. ಅಳೆಯಬೇಕಾದದ್ದು ಕಮಾನಿನ ಕಲ್ಲಿನಿಂದಲ್ಲ, ರಕ್ಷಿತ ಜಾಗದ ಗಡಿಯಿಂದ. ಕಾಯಿಪಲ್ಲೆ ಗಾಡಿ, ನಿಲ್ಲಿಸಿದ ಬೈಕು, ಮಲಗಿದ ಎಮ್ಮೆ ಎಲ್ಲವನ್ನೂ ಬಳಸಿಕೊಂಡು ಟೇಪು ಓಣಿಯೊಳಗೆ ಬಂತು. ಹುಡುಗ ಮೀಟರು ಕೂಗುತ್ತ ನಮ್ಮ ಕಟ್ಟೆ ಹತ್ತಿದ, ಬಾಗಿಲು ದಾಟಿದ, ಪಡಸಾಲೆಯ ನಡುಗಂಬದ ಬಳಿ ನಿಂತು “ನೂರು” ಎಂದ. ದಲಾಲ ಒಳಗೆ ಇಣುಕಿ, “ದೇವರ ಮನೆ ಬಚಾವಾಯಿತು” ಎಂದ. ಖರೇ ಅಳತೆ ಇಲಾಖೆಯದು, ಈ ಟೇಪಿನದಲ್ಲ. ಆದರೂ ಸುದ್ದಿ ಹಬ್ಬಲು ಇಷ್ಟು ಸಾಕಾಯಿತು. ಕೇಳಿಕೊಂಡು ಬರುತ್ತಿದ್ದವರಲ್ಲಿ ಅರ್ಧ ಜನ ಬರುವುದನ್ನೇ ನಿಲ್ಲಿಸಿದರು.

ಸುಲ್ತಾನ ಎರಡನೆಯ ಅಲಿ ಆದಿಲ್ ಶಾ ತನ್ನ ಗೋರಿಯಾದ ಬಾರಾ ಕಮಾನು ಮುಗಿಯುವ ಮೊದಲೇ 1672ರಲ್ಲಿ ತೀರಿಕೊಂಡ. ಛಾವಣಿ ಕಾಣದ ಆ ಕಟ್ಟಡ ಈಗ ಸುತ್ತಲಿನವರಿಗೂ ಕಟ್ಟಗೊಡದೆ ನಿಂತಿದೆ. ಹಾಗೆಂದು ನನಗೆ ಆತನ ಮೇಲೆ ಸಿಟ್ಟಿಲ್ಲ. ಆ ಕಾಯ್ದೆ ಇಲ್ಲದಿದ್ದರೆ ಕಮಾನುಗಳ ಮುಂದೆ ಇಷ್ಟರಲ್ಲಿ ಮೂರಂತಸ್ತಿನ ಮಳಿಗೆಗಳು ಎದ್ದಿರುತ್ತಿದ್ದವು. ಮನೆಯ ದರ ಇಳಿದ ಮೇಲೂ ನಾನು ಕಾಯ್ದೆಯ ಪರ. ನನ್ನ ಹೆಂಡತಿ ಅಲ್ಲ.

ಕಾಗದಪತ್ರಗಳದು ಇನ್ನೊಂದು ಕಥೆ. ಅಜ್ಜನ ಖರೀದಿ ಪತ್ರ ಮುಂಬೈ ಪ್ರಾಂತದ ಕಾಲದ್ದು, ಬ್ರಿಟಿಷ್ ದೊರೆಯ ಮುಖವಿರುವ ಛಾಪಾ ಕಾಗದ. ಚಕ್ಕುಬಂದಿಯಲ್ಲಿ ಬರೆದಿದ್ದ ಬೇವಿನ ಮರ ಈಗಿಲ್ಲ. ಸಿಟಿ ಸರ್ವೆ ಉತಾರದಲ್ಲಿ ಇನ್ನೂ ಅಪ್ಪನ ಹೆಸರೇ ಇತ್ತು. ವಾರಸಾ ಆಗಿ ವಾರಸುದಾರರ ಹೆಸರು ಏರಬೇಕು, ಇ-ಖಾತೆ ಬರಬೇಕು, ಆಮೇಲೆ ನೋಂದಣಿ. ವಾರಸಾ ಎಂದರೆ ತಂಗಿಯರ ಸಹಿ. “ಒಂದು ಇಳಕಲ್ ಸೀರೆ ಉಡಿಸಿ ಹಕ್ಕುಬಿಡುಗಡೆ ಬರೆಸಿಕೊಂಡುಬಿಡಿ” ಎಂದು ಓಣಿಯ ಹಿರಿಯರೊಬ್ಬರು ಬುದ್ಧಿ ಹೇಳಿದರು. ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ 2005ರ ತಿದ್ದುಪಡಿ ಬಂದು ಇಷ್ಟು ವರ್ಷವಾದರೂ ನಮ್ಮ ಕಡೆ ಆಸ್ತಿಯ ಲೆಕ್ಕ ಸೀರೆಯಲ್ಲೇ ನಡೆಯುತ್ತದೆ. ಬಂದದ್ದರಲ್ಲಿ ಮೂವರಿಗೂ ಸಮಪಾಲು ಎಂದು ನಾನು ಫೋನಿನಲ್ಲೇ ಹೇಳಿಬಿಟ್ಟೆ.

ಇಬ್ಬರೂ ಬಂದರು, ಒಬ್ಬಳು ಸೊಲ್ಲಾಪುರದಿಂದ, ಇನ್ನೊಬ್ಬಳು ಇಂಡಿಯಿಂದ. ಕಾಗದ ನೋಡಲೇ ಇಲ್ಲ, ನೇರ ಅಟ್ಟ ಹತ್ತಿದರು. ತಳ ಹೋದ ಹಂಡೆ, ಹಿಡಿಯಿಲ್ಲದ ಬೀಸುಕಲ್ಲು, ಇಲಿ ಕಡಿದ ಕೌದಿ ಒಂದೊಂದಾಗಿ ಕೆಳಗಿಳಿದವು. ಗುಜರಿಯವನು ಹಂಡೆಗೆ ಹೇಳಿದ ದರ ಕೇಳಿ ದೊಡ್ಡ ತಂಗಿ ಅವನನ್ನು ಬೈದು ಕಳಿಸಿದಳು. ಕೊನೆಗೆ ಇಳಿದದ್ದು ಅವ್ವನ ಕೊಣಮಿಗೆ, ಮರದ ಪರಾತ. ಜೋಳದ ಹಿಟ್ಟು ನಾದಿ ನಾದಿ ನಡುವೆ ಸವೆದು ತೆಳುವಾಗಿತ್ತು. ಅಂಚಿನ ಬಿರುಕಿಗೆ ಅಪ್ಪ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಮೊಳೆ ಹೊಡೆದಿದ್ದ. ಬಿರುಕಿನಲ್ಲಿ ಹಿಟ್ಟು ಕಲ್ಲಾಗಿ ಕುಳಿತಿತ್ತು. “ರೊಕ್ಕದ ಪಾಲು ಹೇಗಾದರೂ ಆಗಲಿ ಅಣ್ಣ, ಇದು ನನಗೆ” ಎಂದಳು ದೊಡ್ಡವಳು. “ಅಕ್ಕ ರೊಟ್ಟಿ ಬಡಿಯುವುದನ್ನು ಬಿಟ್ಟು ಎಷ್ಟು ವರ್ಷವಾಯಿತು, ಕೇಳು” ಎಂದಳು ಸಣ್ಣವಳು. ಊಟದ ಹೊತ್ತಿನವರೆಗೂ ಇದೇ ನಡೆಯಿತು.

ಗಿರಾಕಿ ಸಿಕ್ಕಿದ್ದು ಬಳೆ ವ್ಯಾಪಾರಿ. ಕೆಡವುವ ಆಸೆ ಇಲ್ಲ. ದಾಸ್ತಾನು ಇಡಲು ತಂಪಾದ ಮಣ್ಣಿನ ಗೋಡೆ ಸಾಕು ಎಂದರು. ಅವರ ಕಣ್ಣು ಬಿದ್ದದ್ದು ಪಡಸಾಲೆಯ ಹಗೇವಿನ ಕಲ್ಲಿನ ಮೇಲೆ. ಭಾರ ಬಿದ್ದರೆ ಕುಸಿಯುವುದಿಲ್ಲವೇ? ಅಜ್ಜನ ಕಾಲದಲ್ಲಿ ಜೋಳ ತುಂಬಿಡುತ್ತಿದ್ದ ಆ ಗುಳಿಗೆ ಟ್ರ್ಯಾಕ್ಟರ್‌ಗಟ್ಟಲೆ ಗರಸು ಹಾಕಿಸಿ ಮುಚ್ಚಿಕೊಟ್ಟ ಮೇಲೆಯೇ ಸಂಚಕಾರದ ಹಣ ಕೈಗೆ ಬಂತು.

ನಾವು ಹೋಗುವುದು ಬಾಗಲಕೋಟೆಯ ನವನಗರಕ್ಕೆ, ಮಗಳು ಇರುವ ಕಡೆ. ಬಾಡಿಗೆ ಮನೆಯ ಯಜಮಾನರು ಹಳೇ ಬಾಗಲಕೋಟೆಯವರು. ಆಲಮಟ್ಟಿ ಹಿನ್ನೀರಿಗೆ ಮನೆ ಕೊಟ್ಟು ಬಂದವರು. ಮಾರಾಟದ ಪಡಿಪಾಟಲು ಹೇಳಿಕೊಂಡೆ. “ಮಾಸ್ತರರೇ, ನಿಮಗೆ ದರ ಕೇಳುವವರಾದರೂ ಬಂದರು. ನಮಗೆ ನೋಟಿಸು ಬಂತು” ಎಂದು ಮುಂಬಾಗಿಲಿನ ಚೌಕಟ್ಟು ತೋರಿಸಿದರು. ಹಳೆಯ ಮನೆಯಿಂದ ಕಿತ್ತು ತಂದದ್ದು, ಸಾಗವಾನಿ, ಬಳ್ಳಿಯ ಕೆತ್ತನೆ. ಹೊಸ ಬಾಗಿಲಿಗೆ ಎತ್ತರ ಹೆಚ್ಚಾಯಿತೆಂದು ಕೆಳಗೆ ಗೇಣುದ್ದ ಕೊಯ್ಯಿಸಿದ್ದರು. ನಾನು ಅದನ್ನು ಮುಟ್ಟಿ ನೋಡುತ್ತಿರುವಾಗಲೇ ಅವರು ಮುಂಗಡದ ಮಾತೆತ್ತಿದರು. ಒಂದು ಪೈಸೆ ಬಿಡಲಿಲ್ಲ, ಗೋಡೆಗೆ ಮೊಳೆ ಹೊಡೆಯಬಾರದು ಎಂದೂ ಹೇಳಿದರು.

ವಾರಸಾ ಆಗಿದೆ, ಇ-ಖಾತೆಯ ಅರ್ಜಿ ಹೋಗಿದೆ. ಕೊಣಮಿಗೆಯ ಪಾಲುವಾಟ್ನಿ ಇನ್ನೂ ಆಗಿಲ್ಲ.