ಕುದಿಸಿದ ಪಾಯಸ

12 ಮೇ 2025, ಸೋಮವಾರ
ದಾವಣಗೆರೆ

ಬೆಳಿಗ್ಗೆ ಲ್ಯಾಬಿಗೆ ಬಂದವಳೇ ಇನ್‌ಕ್ಯುಬೇಟರ್ ತೆಗೆದು ನೋಡಿದೆ. ಪಾಯಸದಲ್ಲಿನ ಬ್ಯಾಕ್ಟೀರಿಯಾ ಬೆಳೆಯಲೆಂದು ಇಟ್ಟ ಪ್ಲೇಟುಗಳೆಲ್ಲ 48 ತಾಸಾದರೂ ಖಾಲಿ. ಊಟಕ್ಕೆ ವಿಷ ಬಿಡುವ ಸ್ಟ್ಯಾಫಿಲೊಕಾಕಸ್ (ಸ್ಟ್ಯಾಫ್) ಬ್ಯಾಕ್ಟೀರಿಯಾ ಇದ್ದಿದ್ದರೆ ಪ್ಲೇಟಿನೊಳಗಿನ ಬೇರ್ಡ್-ಪಾರ್ಕರ್ ಅಗರ್ ಎಂಬ ಪೋಷಕ ಜೆಲ್ಲಿಯ ಮೇಲೆ ಸಾಸಿವೆಯಂಥ ಕರಿ ಕಾಲೊನಿ, ಸುತ್ತ ತಿಳಿಯಾದೊಂದು ಉಂಗುರ ಕಾಣಬೇಕಿತ್ತು.

ಶನಿವಾರ ಸ್ಯಾಂಪಲ್ ತಂದವರು ನಾಮಕರಣದ ಮನೆಯ ಯಜಮಾನರು. ಹೆಸರು ಕೆತ್ತಿಸಿದ ಸ್ಟೀಲ್ ಡಬ್ಬಿ, ಒಳಗೆ ಉಳಿದ ಶಾವಿಗೆ ಪಾಯಸ. ಒಂದು ಗಂಟೆಗೆ ಪಂಕ್ತಿಗೆ ಕೂತವರಿಗೆ ನಾಲ್ಕಕ್ಕೆಲ್ಲ ವಾಂತಿ. ಪಾಯಸ ಹಿಂದಿನ ರಾತ್ರಿ ಮಾಡಿ ಮುಚ್ಚಿಟ್ಟದ್ದು. "ಬೆಳಿಗ್ಗೆ ಮತ್ತೆ ಕೊತಕೊತ ಕುದಿಸೀವ್ರಿ ಮೇಡಂ, ವಾಸ್ನೀನೂ ಬಂದಿರ್ಲಿಲ್ಲ."

ಮೂರು ತಾಸು ಅಂದಾಗಲೇ ನನಗೆ ಪ್ಲೇಟಿನ ಮೇಲೆ ಭರವಸೆ ಹೋಗಿತ್ತು. ವಿಷ ಪಾತ್ರೆಯಲ್ಲೇ ತಯಾರಾಗಿರಬೇಕು. ಕುದಿಗೆ ಸ್ಟ್ಯಾಫ್ ಸಾಯುತ್ತದೆ. ಅದು ಬಿಟ್ಟ ವಿಷ, ಎಂಟೆರೊಟಾಕ್ಸಿನ್, 100 ಡಿಗ್ರಿಯಲ್ಲಿ ಅರ್ಧ ಗಂಟೆ ಬೆಂದರೂ ಜಗ್ಗುವುದಿಲ್ಲ. 2000ರಲ್ಲಿ ಜಪಾನಿನಲ್ಲಿ ಆದದ್ದೂ ಇದೇ. ಕಾರ್ಖಾನೆಯಲ್ಲಿ ಕರೆಂಟ್ ಹೋಗಿ ಹಾಲು ಬೆಚ್ಚಗೆ ನಿಂತಿತು; ಆಮೇಲೆ ಕಾಯಿಸಿದರು, ಬ್ಯಾಕ್ಟೀರಿಯಾ ಸತ್ತಿತು, ಹಾಲಿನ ಪುಡಿಯಲ್ಲಿ ವಿಷ ಉಳಿಯಿತು. 13,000ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ನಮ್ಮೂರ ಮೇ ತಿಂಗಳ ರಾತ್ರಿಗೆ ಕರೆಂಟೂ ಹೋಗಬೇಕಿಲ್ಲ.

ಬ್ಯಾಸಿಲಸ್ ಸೀರಿಯಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ವಿಷವೂ ಇಷ್ಟೇ ಹೊತ್ತಿಗೆ ವಾಂತಿ ತರಿಸುತ್ತದೆ. ಊಹೆ ಸಾಲದೆಂದು ಸ್ಟ್ಯಾಫ್ ವಿಷವನ್ನೇ ಪತ್ತೆ ಹಚ್ಚುವ ಎಲೈಸಾ ಪರೀಕ್ಷೆ ಇಟ್ಟೆ. ಪಾಯಸ ಅರೆದು, ಬಫರ್ ದ್ರಾವಣದಲ್ಲಿ ಕಲಸಿ, ಸೆಂಟ್ರಿಫ್ಯೂಜ್ ಮಾಡಿ ತಿಳಿ ತೆಗೆಯಬೇಕು. ತುಪ್ಪದ ಪದರ ಬಿಡಿಸುವಷ್ಟರಲ್ಲೇ ಸಾಕಾಯಿತು. (ಧಾರಾಳವಾಗಿ ಸುರಿದಿದ್ದಾರೆ, ಪುಣ್ಯಾತ್ಮರು.) ವೆಲ್ಲಿನ (ಎಲೈಸಾ ತಟ್ಟೆಯ ಪುಟ್ಟ ಗುಳಿಯ) ತಳಕ್ಕಂಟಿದ ಆ್ಯಂಟಿಬಾಡಿ ವಿಷವನ್ನು ಹಿಡಿದಿಟ್ಟುಕೊಳ್ಳುತ್ತದೆ, ಉಳಿದದ್ದು ತೊಳೆದು ಹೋಗುತ್ತದೆ. ಕೊನೆಗೆ ಬಣ್ಣದ ದ್ರಾವಣ. ಮೊದಲು ವಿಷ ಇದೆಯೆಂದು ಗೊತ್ತಿದ್ದ ಪಾಸಿಟಿವ್ ಕಂಟ್ರೋಲ್ ನೀಲಿಗಟ್ಟಿತು, ಅದರ ಹಿಂದೆಯೇ ಪಾಯಸದ ಎರಡೂ ವೆಲ್. ಆ್ಯಸಿಡ್ ಹಾಕಿದ್ದೇ ತಡ, ಅರಿಶಿನದ ಹಳದಿ. ವಿಷವಿಲ್ಲದ ನೆಗೆಟಿವ್ ಕಂಟ್ರೋಲ್ ಮಾತ್ರ ನೀರಿನಂತೆ ಇತ್ತು.

ಸಂಜೆ ಯಜಮಾನರು ಬಂದರು. "ಅಡಿಗೆ ಭಟ್ಟರ ಬೆರಳಿಗೆ ಬಟ್ಟೆ ಸುತ್ತಿತ್ತು. ಅದನ್ನೂ ರಿಪೋರ್ಟಿನಾಗ ಬರೀರಿ."

ಕೀವುಗಟ್ಟಿದ ಗಾಯದಲ್ಲಿ ಸ್ಟ್ಯಾಫ್ ಇರುವುದುಂಟು. ಆರೋಗ್ಯವಂತರ ಮೂಗಿನಲ್ಲೂ ಇರುತ್ತದೆ, ನನ್ನ ಮೂಗೂ ಹೊರತಲ್ಲ. ಎಲೈಸಾ ವಿಷ ಇದೆ ಅನ್ನುತ್ತದೆ, ಯಾರ ಕೈಯದು ಅನ್ನುವುದಿಲ್ಲ. ಪ್ಲೇಟಿನಲ್ಲಿ ಏನಾದರೂ ಬೆಳೆದಿದ್ದರೆ ಭಟ್ಟರ ಬೆರಳಿನದಕ್ಕೆ ಹೋಲಿಸಿ ನೋಡಬಹುದಿತ್ತು. ಆ ಸಾಕ್ಷಿಯನ್ನು ಇವರೇ ಕುದಿಸಿ ಕೊಂದಿದ್ದಾರೆ.

"ಹಂಗಾರೆ ಕುದಿಸಿದ್ದೇ ತಪ್ಪಾತೇನ್ರೀ?"

"ಕುದಿಸಿದ್ದಲ್ಲ ಯಜಮಾನ್ರೇ, ರಾತ್ರಿಯೆಲ್ಲ ಹೊರಗಿಟ್ಟಿದ್ದು."

ತೊಳೆದಿಟ್ಟ ಡಬ್ಬಿ ಕೊಟ್ಟೆ. ಮುಚ್ಚಳ ತೆಗೆದು ಒಂದು ಸಲ ಮೂಸಿ ನೋಡಿದರು.